ನಂಬಿಕೆ ಬಿಟ್ಟ ಮಗಳು, ಮಾತು ಬಿಟ್ಟ ತಾಯಿ

ಉಗ್ರ ನಂಬಿಕೆಯ ಮನೆಯಿಂದ ಮಗನೋ ಮಗಳೋ ಹೊರಬಿದ್ದರೆ ಸುತ್ತಲಿನವರು ಮೊದಲು ಕೇಳುವುದು ಒಂದೇ ಮಾತು: ಹೆತ್ತ ತಾಯಿಗೆ ಇದು ಹೇಗೆ ಸಾಧ್ಯವಾಯಿತು? ಕಣ್ಣಲ್ಲಿ ಕಣ್ಣಿಟ್ಟು ಸಾಕಿದವಳು ಒಂದೇ ಸಂಜೆಗೆ ಫೋನ್ ಎತ್ತದಷ್ಟು ಕಲ್ಲಾದಳೇ? ಇದಕ್ಕೆ ಸರಿಯಾದ ಉತ್ತರ ತಿಳಿಯದಿದ್ದರೆ ಹೊರಬಂದ ಮಕ್ಕಳು ಮುಂದಿನ ಹೆಜ್ಜೆಗಳನ್ನೆಲ್ಲ ತಪ್ಪಾಗಿ ಇಡುತ್ತಾರೆ. ಎಷ್ಟೋ ತಾಯಂದಿರಲ್ಲಿ ಪ್ರೀತಿ ಹಾಗೆಯೇ ಇರುತ್ತದೆ. ಆದರೆ ಮಾತು ಬಿಡುವ ಕಟ್ಟಳೆ ಮಕ್ಕಳು ಎದುರಾಡುವ ಎಷ್ಟೋ ವರ್ಷ ಮೊದಲೇ ಆ ಮನೆಯಲ್ಲಿ ಸಿದ್ಧವಾಗಿರುತ್ತದೆ. ಅದು ಹೇಗೆ ನಡೆಯುತ್ತದೆ ಎಂದು ಅರ್ಥವಾದರೆ, ಅದರೊಳಗೆ ಎಲ್ಲಿ ಸಂದಿ ಇದೆ ಎಂಬುದೂ ಕಾಣುತ್ತದೆ.

ಇದನ್ನು ಹತ್ತಿರದಿಂದ ನೋಡಬೇಕೆಂದರೆ ಅಮೆರಿಕದ ಕ್ಯಾನ್ಸಸ್ ರಾಜ್ಯದ ರಾಜಧಾನಿ ಟೊಪೀಕಕ್ಕೆ ಹೋಗಬೇಕು. ಅಲ್ಲಿನ ವೆಸ್ಟ್‌ಬೊರೊ ಬ್ಯಾಪ್ಟಿಸ್ಟ್ ಚರ್ಚ್ ಶುರುವಾದದ್ದು 1955ರಲ್ಲಿ. ಅದರ ಪಾದ್ರಿ ಫ್ರೆಡ್ ಫೆಲ್ಪ್ಸ್ ವೃತ್ತಿಯಿಂದ ವಕೀಲರು. ಕಪ್ಪು ಜನರ ನಾಗರಿಕ ಹಕ್ಕುಗಳ ಮೊಕದ್ದಮೆಗಳನ್ನು ನಡೆಸಿದ್ದವರು, 1979ರಲ್ಲಿ ಕ್ಯಾನ್ಸಸ್‌ನಲ್ಲಿ ಸನ್ನದು ಕಳೆದುಕೊಂಡರು. 1991ರಲ್ಲಿ ಊರಿನ ಗೇಜ್ ಪಾರ್ಕಿನಲ್ಲಿ ಸಲಿಂಗಿಗಳ ವಿರುದ್ಧ ಫಲಕ ಹಿಡಿದು ನಿಂತ ಈ ಗುಂಪು, ಮುಂದೆ ದೇಶದುದ್ದಕ್ಕೂ ಅಂತ್ಯಕ್ರಿಯೆಗಳ ಹೊರಗೆ, 2005ರಿಂದ ಯುದ್ಧದಲ್ಲಿ ಸತ್ತ ಸೈನಿಕರ ಅಂತ್ಯಕ್ರಿಯೆಗಳ ಹೊರಗೂ ನಿಂತು ಇದು ದೇವರ ಶಿಕ್ಷೆ ಎಂದು ಕೂಗಿತು. ಮಗನನ್ನು ಕಳೆದುಕೊಂಡ ತಂದೆಯೊಬ್ಬರು ಹೂಡಿದ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಗಿ, 2011ರ ಮಾರ್ಚ್‌ನಲ್ಲಿ 8–1ರ ಬಹುಮತದಿಂದ ಚರ್ಚೇ ಗೆದ್ದಿತು. ಚರ್ಚಿನ ಪರ ವಾದಿಸಿದ್ದು ಫ್ರೆಡ್ ಅವರ ಮಗಳು. ಸದಸ್ಯರಲ್ಲಿ ಬಹುಪಾಲು ಒಂದೇ ಮನೆತನದವರು. ಚರ್ಚಿನ ಸುತ್ತ ಮನೆಗಳು, ಹಿತ್ತಿಲುಗಳೆಲ್ಲ ಒಂದಕ್ಕೊಂದು ಕೂಡಿಕೊಂಡಿವೆ.

ಫ್ರೆಡ್ ಅವರ ಹದಿಮೂರು ಮಕ್ಕಳಲ್ಲಿ ಒಬ್ಬರಾದ ಶರ್ಲಿ ಫೆಲ್ಪ್ಸ್-ರೋಪರ್ ಸಹ ವಕೀಲೆ. ವರ್ಷಗಟ್ಟಲೆ ಚರ್ಚಿನ ವಕ್ತಾರೆಯಾಗಿದ್ದವರು, ಹನ್ನೊಂದು ಮಕ್ಕಳ ತಾಯಿ. ಅವರ ಮಗಳು ಮೇಗನ್ ಐದನೆಯ ವಯಸ್ಸಿಗೇ ಫಲಕ ಹಿಡಿದು ನಿಂತವಳು, ಬೆಳೆದ ಮೇಲೆ ಟ್ವಿಟರ್‌ನಲ್ಲಿ ಚರ್ಚಿನ ದನಿಯಾದವಳು. ಅಲ್ಲಿ ಎದುರಾದ ಅಪರಿಚಿತರು ಬೈಯುವುದು ಬಿಟ್ಟು ಪ್ರಶ್ನೆ ಕೇಳತೊಡಗಿದಾಗ ಅವಳಲ್ಲಿ ಅನುಮಾನ ಮೊಳೆಯಿತು. 2012ರ ನವೆಂಬರ್‌ನಲ್ಲಿ ತಂಗಿ ಗ್ರೇಸ್ ಜೊತೆ ಮನೆ ಬಿಟ್ಟಳು. ಆಗ ಮೇಗನ್‌ಗೆ 26, ಗ್ರೇಸ್‌ಗೆ 19. ಈ ಮಕ್ಕಳನ್ನು ಲೋಕದಿಂದ ಬಚ್ಚಿಟ್ಟು ಬೆಳೆಸಿರಲಿಲ್ಲ, ಊರಿನ ಸರ್ಕಾರಿ ಶಾಲೆಗಳಲ್ಲೇ ಓದಿದವರು. ಅಡ್ಡಗೋಡೆ ಇದ್ದದ್ದು ಮನೆಯೊಳಗೆ.

ಆ ಗೋಡೆ ಕಟ್ಟಿರುವುದು ಬೈಬಲ್ ವಾಕ್ಯಗಳಿಂದ. ಕೊರಿಂಥದವರಿಗೆ ಬರೆದ ಮೊದಲ ಪತ್ರದ ಐದನೆಯ ಅಧ್ಯಾಯ, ಸಹೋದರ ಎನಿಸಿಕೊಂಡೂ ತಪ್ಪು ದಾರಿ ಹಿಡಿದವನ ಸಹವಾಸ ಮಾಡಬೇಡಿ, ಅವನೊಡನೆ ಊಟಕ್ಕೂ ಕೂರಬೇಡಿ ಎನ್ನುತ್ತದೆ. ಇದನ್ನು ಅಕ್ಷರಶಃ ಹಿಡಿದರೆ ತಾಯಿ ಮಗಳಿಗೆ ಬಡಿಸುವ ಒಂದು ತಟ್ಟೆ ಊಟವೂ ದೇವರಿಗೆ ಎದುರು ನಿಂತಂತೆ. ಇನ್ನೊಂದು ಭಾಗವೂ ಇದೆ. ಥೆಸಲೋನಿಕದವರಿಗೆ ಬರೆದ ಎರಡನೆಯ ಪತ್ರದ ಮೂರನೆಯ ಅಧ್ಯಾಯ, ಅಂಥವನ ಬಳಕೆ ಬಿಡಿ ಎಂದು ಹೇಳಿದ ಮರುವಾಕ್ಯದಲ್ಲೇ ಅವನನ್ನು ವೈರಿಯೆಂದು ಎಣಿಸದೆ ಸಹೋದರನೆಂದು ಬುದ್ಧಿ ಹೇಳಿ ಎನ್ನುತ್ತದೆ. ಕಟ್ಟುನಿಟ್ಟಿನ ಪಂಥಗಳು ಮೊದಲಿನದನ್ನು ಎತ್ತಿ ಹಿಡಿದು ಎರಡನೆಯದನ್ನು ಮೆಲ್ಲಗೆ ದಾಟಿಸುತ್ತವೆ. ಯಾವ ಧರ್ಮದ, ಯಾವ ಸಿದ್ಧಾಂತದ ಉಗ್ರ ಗುಂಪನ್ನು ನೋಡಿದರೂ ಇಂಥದೊಂದು ಸಂದಿ ಅವರ ಗ್ರಂಥದಲ್ಲೇ ಇರುತ್ತದೆ. ಹೊರಬಂದ ಮಕ್ಕಳು ಅದನ್ನು ತಿಳಿದಿರಬೇಕು, ಆದರೆ ತಾಯಿಗೆ ಬರೆಯುವ ಮೊದಲ ಕಾಗದದಲ್ಲೇ ಅದನ್ನು ಎತ್ತಿ ಅವಳ ಮುಂದೆ ಹಿಡಿಯಬಾರದು. ವಾಕ್ಯಕ್ಕೆ ವಾಕ್ಯ ಎಸೆಯುವುದನ್ನು ಅವಳಷ್ಟು ಚೆನ್ನಾಗಿ ಬಲ್ಲವರು ಇನ್ನಾರೂ ಇರುವುದಿಲ್ಲ.

ತಾಯಿಯ ಜಾಗದಲ್ಲಿ ನಿಂತು ಲೆಕ್ಕ ಹಾಕಿ ನೋಡಿ. ಹೊರಗೆ ಹೋದವರು ಒಬ್ಬಿಬ್ಬರು, ಒಳಗೆ ಉಳಿದವರು ಅದಕ್ಕಿಂತ ಹೆಚ್ಚು. ಹೋದವಳಿಗೆ ಗುಟ್ಟಾಗಿ ಫೋನ್ ಮಾಡಿ ಸಿಕ್ಕಿಬಿದ್ದರೆ ಅವಳೂ ಹೊರಗಿನವಳಾಗುತ್ತಾಳೆ. ಆಗ ಗಂಡ, ಉಳಿದ ಮಕ್ಕಳು, ಅಪ್ಪ ಅಮ್ಮ, ಒಡಹುಟ್ಟಿದವರು, ಹಿತ್ತಿಲು ಹಂಚಿಕೊಂಡ ಬೀದಿ ಎಲ್ಲವೂ ಒಂದೇ ದಿನ ಕೈಬಿಡುತ್ತವೆ. ಇದಲ್ಲದೆ ಮಕ್ಕಳಿಗೆ ನಂಬಿಕೆ ಕಲಿಸಿದ್ದು ಅವಳೇ ಆದ್ದರಿಂದ, ಮಗಳು ಬಿಟ್ಟುಹೋದದ್ದು ಅವಳ ಸಾಕಣೆಯ ಸೋಲೆಂದೇ ಗುಂಪು ಎಣಿಸುತ್ತದೆ. ಹಾಗಾಗಿ ಎಲ್ಲರಿಗಿಂತ ಕಠೋರವಾಗಿ ಅವಳೇ ಮಾತಾಡಬೇಕಾಗುತ್ತದೆ. ಶರ್ಲಿ ಅವರ ವಿಷಯದಲ್ಲಿ ಇನ್ನೊಂದು ಸಂಗತಿ ಸೇರಿತ್ತು: ಮೇಗನ್ ಹೊರಡುವ ಮುಂಚೆಯೇ ಗಂಡಸರಷ್ಟೇ ಇದ್ದ ಹಿರಿಯರ ಮಂಡಳಿ ಚರ್ಚಿನ ಆಡಳಿತ ಹಿಡಿದು, ಶರ್ಲಿ ಅವರನ್ನು ಅವರ ಜವಾಬ್ದಾರಿಗಳಿಂದ ಬದಿಗೆ ಸರಿಸಿತ್ತು. ತಾಯಿಗಾದ ಈ ಅವಮಾನವೂ ತನ್ನ ನಂಬಿಕೆ ಅಲುಗಲು ಒಂದು ಕಾರಣ ಎಂದು ಮೇಗನ್ ಬಹಿರಂಗವಾಗಿ ಹೇಳಿದ್ದಾಳೆ. ತಾಯಿಯ ಮೇಲಿನ ಮಮತೆಯೂ ಮಗಳನ್ನು ಹೊರಗೆ ತಳ್ಳಿತು ಎಂಬುದು ಈ ಇಡೀ ಪ್ರಕರಣದಲ್ಲಿ ಅತಿ ನೋವಿನ ಭಾಗ.

ಗುಂಪಿಗೆ ಇಂಥ ಕಟ್ಟಳೆ ಇಲ್ಲದಿದ್ದರೆ ಏನಾಗುತ್ತದೆ ಎನ್ನಲು ಡೆರೆಕ್ ಬ್ಲ್ಯಾಕ್ ಅವರ ಪ್ರಕರಣ ಇದೆ. ಅವರ ತಂದೆ ಡಾನ್ ಬ್ಲ್ಯಾಕ್ ಬಿಳಿಯರ ಶ್ರೇಷ್ಠತೆ ಸಾರುವ ಸ್ಟಾರ್ಮ್‌ಫ್ರಂಟ್ ಎಂಬ ಜಾಲತಾಣ ಕಟ್ಟಿದವರು. ತಾಯಿ ಕ್ಲೋಯಿ, ಅದೇ ಸಿದ್ಧಾಂತದ ಕು ಕ್ಲಕ್ಸ್ ಕ್ಲ್ಯಾನ್ ಎಂಬ ಗುಂಪಿನ ನಾಯಕನಾಗಿದ್ದ ಡೇವಿಡ್ ಡ್ಯೂಕ್‌ನ ಮಾಜಿ ಪತ್ನಿ. ಫ್ಲಾರಿಡಾದ ನ್ಯೂ ಕಾಲೇಜಿನಲ್ಲಿ ಓದುವಾಗ ಸಹಪಾಠಿಯೊಬ್ಬ ಶುಕ್ರವಾರದ ಯಹೂದಿ ಊಟಕ್ಕೆ ಕರೆಯುತ್ತ ಬಂದ. ಕೊನೆಗೆ 2013ರಲ್ಲಿ ಡೆರೆಕ್ ಬಹಿರಂಗ ಪತ್ರ ಬರೆದು ಆ ಸಿದ್ಧಾಂತವನ್ನು ಬಿಟ್ಟರು. ಯಾರೋ ಮಗುವಿನ ಖಾತೆ ಕದ್ದು ಬರೆದಿದ್ದಾರೆ ಎಂದೇ ತಂದೆ ಮೊದಲು ನಂಬಿದ್ದರು. ಮನೆಯಲ್ಲಿ ಬಿರುಕು ದೊಡ್ಡದಾಗಿಯೇ ಬಿತ್ತು, ಆದರೂ ತಂದೆಯೊಡನೆ ಮಾತು ಪೂರ್ತಿ ನಿಲ್ಲಲಿಲ್ಲ. ಅಲ್ಲಿ ಬಹಿಷ್ಕಾರ ಹಾಕುವ ಸಭೆ ಇರಲಿಲ್ಲ, ಮಾತು ಬಿಡುವುದೂ ಬಿಡದಿರುವುದೂ ಮನೆಯವರ ಕೈಯಲ್ಲೇ ಇತ್ತು. ಆದ್ದರಿಂದ ಹೊರಡುವವರು ಮೊದಲು ಇತ್ಯರ್ಥ ಮಾಡಿಕೊಳ್ಳಬೇಕಾದ ವಿಷಯ ಇದು: ನಿಮ್ಮ ತಾಯಿ ಮಾತು ಬಿಡುವುದು ಸ್ವಂತ ಸಿಟ್ಟಿನಿಂದಲೋ, ಗುಂಪಿನ ಕಟ್ಟಳೆಯಿಂದಲೋ? ಸಿಟ್ಟು ತಿಂಗಳುಗಳಲ್ಲಿ ಇಳಿಯಬಹುದು. ಕಟ್ಟಳೆಗೆ ವರ್ಷಗಳ ತಯಾರಿ ಬೇಕು.

ಹೊರಡುವ ದಿನದ ಬಗ್ಗೆ. ಫ್ರೆಡ್ ಅವರ ಮಗ ನೇಟ್ 1976ರಲ್ಲಿ ಮನೆ ಬಿಟ್ಟದ್ದು ತನಗೆ ಹದಿನೆಂಟು ತುಂಬಿದ ಮಧ್ಯರಾತ್ರಿಗೆ ಸರಿಯಾಗಿ. ಮುಂಚೆಯೇ ಒಂದು ಹಳೇ ಕಾರು ಕೊಂಡಿಟ್ಟಿದ್ದ. ಆದರೆ ಮಲಗುವ ಜಾಗ ಗೊತ್ತುಮಾಡಿರಲಿಲ್ಲ. ಮೊದಲ ರಾತ್ರಿ ಕಳೆದದ್ದು ಪೆಟ್ರೋಲ್ ಬಂಕಿನ ಶೌಚಾಲಯದಲ್ಲಿ. ವಾಹನಕ್ಕಿಂತ ಮೊದಲು ಬೇಕಾದದ್ದು ಮೂರು ತಿಂಗಳ ಬಾಡಿಗೆ ಮತ್ತು ಊಟಕ್ಕಾಗುವಷ್ಟು ದುಡ್ಡು, ಜೊತೆಗೆ ಮನೆಯವರಿಗೆ ಪರಿಚಯವಿಲ್ಲದ ಒಂದು ವಿಳಾಸ.

ನಮ್ಮ ಕಡೆ ಇಂಥ ಮನೆ ಬಿಡುವವರು ಮರೆಯುವುದು ಫೋನಿನ ವಿಷಯ. ಆಧಾರ್‌ಗೆ, ಬ್ಯಾಂಕಿಗೆ ಜೋಡಿಸಿದ ಸಂಖ್ಯೆ ಅಪ್ಪನದ್ದಾಗಿದ್ದರೆ ಪ್ರತಿ ಒಟಿಪಿಯೂ ಅಪ್ಪನ ಜೇಬಿಗೇ ಹೋಗುತ್ತದೆ. ಹೊರಡುವ ಕೆಲವು ವಾರ ಮೊದಲೇ ಸ್ವಂತ ಹೆಸರಿನ ಸಿಮ್ ತೆಗೆದುಕೊಂಡು, ಆಧಾರ್ ಕೇಂದ್ರಕ್ಕೆ ಖುದ್ದಾಗಿ ಹೋಗಿ ಸಂಖ್ಯೆ ಬದಲಿಸಿ, ಬ್ಯಾಂಕಿನಲ್ಲಿ ಒಂಟಿ ಖಾತೆ ತೆರೆಯಿರಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಜನನ ಪ್ರಮಾಣಪತ್ರ, ಪ್ಯಾನ್, ಪಾಸ್‌ಪೋರ್ಟ್ ಮೂಲಪ್ರತಿಗಳೇ ಕೈಯಲ್ಲಿರಲಿ. ಅಂಕಪಟ್ಟಿ ಮರೆತರೆ ವಯಸ್ಸಿನ ಪುರಾವೆಗೆ ಅಲೆದಾಟ ತಪ್ಪದು. ಹದಿನೆಂಟು ದಾಟಿದವರು ‘ಸ್ವಇಚ್ಛೆಯಿಂದ ಹೋಗುತ್ತಿದ್ದೇನೆ, ಕ್ಷೇಮವಾಗಿದ್ದೇನೆ’ ಎಂದು ಸಹಿ ಹಾಕಿದ ಪತ್ರ ಮನೆಯಲ್ಲಿಟ್ಟು, ಅದರ ಒಂದು ಪ್ರತಿಯನ್ನು ಪೊಲೀಸ್ ಠಾಣೆಗೂ ಕೊಟ್ಟರೆ, ಕಾಣೆಯಾದ ದೂರು ಬಂದಾಗ ತಾಪತ್ರಯ ಕಡಿಮೆ.

ಹೊರಡುವ ಹಿಂದಿನ ರಾತ್ರಿ ವಾದಕ್ಕೆ ಕೂರಬೇಡಿ. ‘ಕೊನೆಗೊಂದು ಸಲ ಬಿಡಿಸಿ ಹೇಳಿದರೆ ಅಮ್ಮನಿಗೆ ಅರ್ಥವಾದೀತು’ ಎಂಬ ಆಸೆ ಸಹಜ. ಆದರೆ ಆ ರಾತ್ರಿ ಆಡಿದ ಮಾತೆಲ್ಲ ಮುಂದಿನ ವಾರದ ಸಭೆಯಲ್ಲಿ ನಿಮ್ಮ ವಿರುದ್ಧದ ಸಾಕ್ಷಿಯಾಗುತ್ತದೆ, ಅದನ್ನು ಒಪ್ಪಿಸಬೇಕಾದವಳೂ ತಾಯಿಯೇ. ‘ನನಗೆ ಇಲ್ಲಿ ಇರಲಾಗುತ್ತಿಲ್ಲ ಅಮ್ಮ, ಫೋನ್ ನಂಬರ್ ಇದೇ ಇರುತ್ತದೆ’ ಎಂದಷ್ಟು ಸಾಕು.

ಮೊದಲ ಮೂರು ತಿಂಗಳು ಬಾಯಿ ಬಿಗಿಹಿಡಿಯಬೇಕು. ಮಾಧ್ಯಮದವರು, ಎದುರು ಪಾಳೆಯದವರು ನಿಮ್ಮನ್ನು ಎತ್ತಿ ಮೆರೆಸಲು ಕಾಯುತ್ತಿರುತ್ತಾರೆ. ನೀವು ಕ್ಯಾಮೆರಾ ಮುಂದೆ ಮನೆಯನ್ನು ದೂರಿದರೆ ತಾಯಿಯಿಂದ ಉತ್ತರ ಕೇಳುತ್ತಾರೆ. ಅವಳು ಎಲ್ಲರ ಮುಂದೆ ‘ಅವಳು ನನ್ನ ಮಗಳಲ್ಲ’ ಎನ್ನುತ್ತಾಳೆ. ಒಮ್ಮೆ ಹಾಗೆ ಹೇಳಿಸಿದರೆ ಅವಳಿಗೆ ಹಿಂದೆ ಸರಿಯುವ ದಾರಿ ಮುಚ್ಚಿತು. ಮೇಗನ್ ಮತ್ತು ಗ್ರೇಸ್ ದಕ್ಷಿಣ ಡಕೋಟದ ಡೆಡ್‌ವುಡ್ ಎಂಬ ಸಣ್ಣ ಊರಿಗೆ ಹೋಗಿ ಕೆಲಕಾಲ ಸುಮ್ಮನಿದ್ದರು. ಬಹಿರಂಗ ಹೇಳಿಕೆ ಬಂದದ್ದು 2013ರ ಫೆಬ್ರವರಿಯಲ್ಲಿ, ಅದರಲ್ಲೂ ಇದ್ದದ್ದು ತಾವು ಜನರನ್ನು ನೋಯಿಸಿದ್ದಕ್ಕೆ ವಿಷಾದ. ಮನೆಯವರನ್ನು ರಾಕ್ಷಸರಂತೆ ತೋರಿಸಲು ಮೇಗನ್ ಹೋಗಲಿಲ್ಲ.

ಇನ್ನು ಪತ್ರ. ಸಂಪರ್ಕ ಉಳಿಸುವ ಕೆಲಸದಲ್ಲಿ ಇದಕ್ಕಿಂತ ಗಟ್ಟಿಯಾದ ಸಾಧನ ಬೇರೆ ಇಲ್ಲ ಎಂದೇ ನನ್ನ ಅಭಿಪ್ರಾಯ. ಮುಚ್ಚಿದ ಲಕೋಟೆಗಿಂತ ಬಯಲು ಕಾರ್ಡು ಮೇಲು. ಲಕೋಟೆಯನ್ನು ಒಡೆಯಲೋ ಬೇಡವೋ ಎಂದು ತಾಯಿ ತೀರ್ಮಾನ ಮಾಡಬೇಕಾಗುತ್ತದೆ, ಒಡೆದರೆ ತಪ್ಪು ಮಾಡಿದಂತಾಗುತ್ತದೆ; ಕಾರ್ಡನ್ನು ಗೇಟಿನಿಂದ ಬಾಗಿಲಿಗೆ ಬರುವಷ್ಟರಲ್ಲಿ ಕಣ್ಣು ತಾನಾಗಿ ಓದಿಬಿಡುತ್ತದೆ. ಜೊತೆಗೆ ಗುಟ್ಟೇನೂ ಇಲ್ಲವೆಂದು ಮನೆಯ ಉಳಿದವರಿಗೂ ಕಾಣುತ್ತದೆ. ನಾಲ್ಕರಿಂದ ಆರು ಸಾಲು, ಹೆಚ್ಚು ಬೇಡ. ಮೊದಲ ಸಾಲಲ್ಲಿ ಆರೋಗ್ಯ, ಎರಡನೆಯದರಲ್ಲಿ ಊರು, ಕೆಲಸ. ಮೂರನೆಯದರಲ್ಲಿ ಅವಳಿಂದ ಕಲಿತು ಈಗಲೂ ಮಾಡುತ್ತಿರುವ ಒಂದು ಕೆಲಸ: ಸಾರಿಗೆ ಒಗ್ಗರಣೆ ಹಾಕುವ ಬಗೆಯೋ, ಹರಿದ ಅಂಚು ಹೊಲಿಯುವ ಬಗೆಯೋ. ಕೊನೆಯಲ್ಲಿ ಒಂದೇ ಮಾತಿನಲ್ಲಿ ಉತ್ತರಿಸಬಹುದಾದ ಪ್ರಶ್ನೆ. ‘ಮೊಣಕಾಲು ನೋವು ಹೇಗಿದೆ?’ ಎಂಬುದು ಒಳ್ಳೆಯ ಪ್ರಶ್ನೆ. ‘ಯಾಕಮ್ಮ ಹೀಗೆ ಮಾಡಿದೆ?’ ಎಂಬುದು ಕಾರ್ಡನ್ನು ಒಲೆಗೆ ಕಳಿಸುವ ಪ್ರಶ್ನೆ. ಧರ್ಮ, ರಾಜಕೀಯ, ಕ್ಷಮೆ ಬೇಡುವುದು, ಕ್ಷಮಿಸಿದ್ದೇನೆ ಎನ್ನುವುದು, ‘ಯಾವಾಗ ಸಿಗುತ್ತೀಯ’ ಎನ್ನುವುದು ಯಾವುದೂ ಇರಬಾರದು. ದುಡ್ಡು ಕಳಿಸಬಾರದು, ಆಮಿಷ ಒಡ್ಡುತ್ತಿದ್ದಾಳೆ ಎಂದು ಗುಂಪು ಹೇಳುತ್ತದೆ. ಸಹಿ ಮಾಡಿ ಪಡೆಯಬೇಕಾದ ಅಂಚೆ ಬೇಡ, ವಕೀಲರ ನೋಟಿಸು ಬಂತೆಂದು ಮನೆ ಗಾಬರಿಯಾಗುತ್ತದೆ. ತಾರೀಖು, ನಿಮ್ಮ ಪೂರ್ತಿ ವಿಳಾಸ ಪ್ರತಿ ಸಲವೂ ಇರಲಿ. ಹಾಕುವ ಮುನ್ನ ಒಂದು ಫೋಟೊ ತೆಗೆದಿಟ್ಟುಕೊಳ್ಳಿ, ಇಲ್ಲದಿದ್ದರೆ ಮೂರನೆಯ ವರ್ಷ ಏನು ಬರೆದಿದ್ದಿರೆಂದು ನಿಮಗೇ ನೆನಪಿರುವುದಿಲ್ಲ.

ವರ್ಷಕ್ಕೆ ನಾಲ್ಕೈದು ಸಾಕು: ಅವಳ ಹುಟ್ಟಿದ ದಿನ, ಎರಡು ಹಬ್ಬ, ಮನೆಯಲ್ಲಿ ಕಾಯಿಲೆಯೋ ಹೆರಿಗೆಯೋ ಆದಾಗ ಒಂದು. ಕೆಡುವುದು ಇಲ್ಲೇ. ಮೊದಲ ತಿಂಗಳಲ್ಲಿ ಹತ್ತು ಬರೆದು, ಉತ್ತರ ಬರಲಿಲ್ಲವೆಂದು ಎರಡು ವರ್ಷ ನಿಲ್ಲಿಸುವವರೇ ಹೆಚ್ಚು. ‘ನೋಡು, ಹೊರಗೆ ಹೋದ ಮೇಲೆ ನಮ್ಮನ್ನು ಮರೆತಳು’ ಎನ್ನಲು ಗುಂಪಿಗೆ ಆ ಎರಡು ವರ್ಷವೇ ಬೇಕಾಗಿತ್ತು.

ಫೋನಿನಲ್ಲಿ ಮುಖ್ಯವಾದದ್ದು ಅಮ್ಮನಿಗೆ ಗೊತ್ತಿರುವ ನಿಮ್ಮ ಸಂಖ್ಯೆ ಬದಲಿಸದಿರುವುದು; ಒಟಿಪಿಗೆಂದು ತೆಗೆದುಕೊಂಡ ಸಿಮ್ ಬೇರೆ. ತಾಯಿಯ ಮನಸ್ಸು ಕರಗುವ ಹೊತ್ತು ನಿಮಗೆ ಹೇಳಿ ಬರುವುದಿಲ್ಲ; ಅಂದು ಅವಳಿಗೆ ಬಾಯಿಪಾಠ ಇರುವುದು ಹಳೇ ಸಂಖ್ಯೆ ಒಂದೇ. ವಾಟ್ಸಾಪ್‌ನಲ್ಲಿ ಬ್ಲಾಕ್ ಮಾಡಿದ್ದರೆ ಬೇರೆ ಸಂಖ್ಯೆಯಿಂದ ನುಗ್ಗಬೇಡಿ. ಬ್ಲಾಕ್ ಮಾಡಿಲ್ಲದಿದ್ದರೆ ಸ್ಟೇಟಸ್ ಸಪ್ಪೆಯಾಗಿರಲಿ, ಒಂದು ಹೂವಿನ ಕುಂಡ, ಒಂದು ಊಟದ ತಟ್ಟೆ ಸಾಕು. ಮಾತಾಡದ ತಾಯಂದಿರು ಸ್ಟೇಟಸ್ ನೋಡುತ್ತಾರೆ.

ಉತ್ತರ ಬಂದಾಗ ಅದು ಉತ್ತರದಂತೆ ಕಾಣುವುದಿಲ್ಲ. ‘ಮನೆಗೆ ಬಾ’ ಎಂದು ಯಾವ ತಾಯಿಯೂ ಶುರು ಮಾಡುವುದಿಲ್ಲ. ವಿಮೆಯ ಕಾಗದ ಎಲ್ಲಿಟ್ಟಿದ್ದೆ ಎಂಬ ಪ್ರಶ್ನೆ ಬರುತ್ತದೆ, ಇಲ್ಲವೇ ಒಂದು ಪುಟ ಬೈಗುಳ, ಇಲ್ಲವೇ ಗುಂಪಿನ ಭಾಷಣದ ವಿಡಿಯೊ. ಮೂರೂ ಸಂಪರ್ಕವೇ. ಅವಳು ಬರೆದಷ್ಟೇ ಉದ್ದಕ್ಕೆ ನೀವೂ ಬರೆಯಿರಿ. ವಿಡಿಯೊ ಕಳಿಸಿದರೆ ‘ನೋಡಿದೆ ಅಮ್ಮ. ಬಿಪಿ ಮಾತ್ರೆ ತಗೊಳ್ತಾ ಇದ್ದೀಯ?’ ಎಂದರೆ ಸುಳ್ಳೂ ಇಲ್ಲ, ಜಗಳವೂ ಇಲ್ಲ.

ಉಗ್ರ ನಂಬಿಕೆಯವರೊಡನೆ ಮಾತಾಡುವ ಬಗೆಯನ್ನು ಮೇಗನ್ 2017ರ ಟೆಡ್ ಭಾಷಣದಲ್ಲಿ ನಾಲ್ಕು ಅಂಶಗಳಲ್ಲಿ ಹೇಳಿದ್ದಾಳೆ: ಕೆಟ್ಟ ಉದ್ದೇಶ ಇದೆಯೆಂದು ಮೊದಲೇ ಊಹಿಸಬೇಡಿ, ಪ್ರಶ್ನೆ ಕೇಳಿ, ಸಮಾಧಾನ ಬಿಡಬೇಡಿ, ನಿಮ್ಮ ವಾದವನ್ನು ಬಿಡಿಸಿ ಹೇಳಿ. ಟ್ವಿಟರ್‌ನಲ್ಲಿ ಅವಳನ್ನು ಬದಲಿಸಿದ್ದು ಇದೇ. ಆದರೆ ತಾಯಿಯ ವಿಷಯದಲ್ಲಿ ಮೊದಲ ಮೂರನ್ನು ವರ್ಷಗಟ್ಟಲೆ ಪಾಲಿಸಿ, ನಾಲ್ಕನೆಯದನ್ನು ಅವಳಾಗಿ ಕೇಳುವವರೆಗೆ ಮುಟ್ಟದಿರುವುದು ಒಳ್ಳೆಯದು. ಅಪರಿಚಿತರು ವಾದದಲ್ಲಿ ಸೋತರೆ ಒಂದು ಅಭಿಪ್ರಾಯ ಹೋಗುತ್ತದೆ, ತಾಯಿ ಸೋತರೆ ಅವಳು ಬಾಳಿದ ಬಾಳೇ ತಪ್ಪಾಗುತ್ತದೆ. ಕಾರ್ನೆಲ್ ವಿಶ್ವವಿದ್ಯಾಲಯದ ಕಾರ್ಲ್ ಪಿಲೆಮರ್ ಅಮೆರಿಕದಲ್ಲಿ ನಡೆಸಿದ ಸಮೀಕ್ಷೆಯಲ್ಲಿ ವಯಸ್ಕರಲ್ಲಿ 27 ಪ್ರತಿಶತ ಜನ ಸಂಬಂಧಿಯೊಬ್ಬರಿಂದ ದೂರವಾಗಿದ್ದರು. ಮತ್ತೆ ಒಂದಾದವರಲ್ಲಿ ಅವರು ಕಂಡ ಸಮಾನ ಸಂಗತಿ, ಹಿಂದೆ ನಡೆದದ್ದರ ಬಗ್ಗೆ ಒಂದೇ ಮಾತಿಗೆ ಬರಬೇಕೆಂಬ ಹಟವನ್ನು ಬಿಟ್ಟದ್ದು.

ಭೇಟಿಯ ಹಂತ ಬಂದರೆ ಮನೆಯಲ್ಲಿ ಬೇಡ, ಗುಂಪಿನ ಹಿರಿಯರು ಚಾಪೆ ಹಾಕಿಕೊಂಡು ಕುಳಿತಿರುತ್ತಾರೆ. ಉದ್ಯಾನ, ಆಸ್ಪತ್ರೆಯ ಕ್ಯಾಂಟೀನು, ದೂರದ ನೆಂಟರ ಮನೆ ಆದೀತು. ಮುಕ್ಕಾಲು ಗಂಟೆಗೆ ಎದ್ದುಬಿಡಿ, ಚೆನ್ನಾಗಿ ನಡೆಯುತ್ತಿದ್ದರೂ. ಎರಡನೆಯ ಗಂಟೆಗೆ ಹಳೇ ಮಾತು ಏಳುತ್ತದೆ.

ನಡುವೆ ಒಬ್ಬರು ಬೇಕಾದರೆ ತಾಯಿಗೆ ಗೌರವವಿರುವ ದೊಡ್ಡಮ್ಮನೋ ಸೋದರಮಾವನೋ ಇರಲಿ. ಅವರ ಕೆಲಸ ಸುದ್ದಿ ಮುಟ್ಟಿಸುವುದು ಮಾತ್ರ, ರಾಜಿ ಮಾಡಿಸುವುದಲ್ಲ. ಮನೆಯಲ್ಲಿರುವ ತಮ್ಮ ತಂಗಿಯರನ್ನು ಗುಟ್ಟಿನ ಅಂಚೆಯವರನ್ನಾಗಿ ಬಳಸಲೇಬಾರದು. ಸಿಕ್ಕಿಬಿದ್ದರೆ ಪೆಟ್ಟು ಅವರಿಗೆ. ಆ ಮನೆಯಲ್ಲಿ ಮಕ್ಕಳಿಗೆ ಹೊಡೆತ, ಹಿಂಸೆ ಇದೆಯೆಂದಾದರೆ ಇಲ್ಲಿ ಹೇಳಿದ ಸಮಾಧಾನದ ಮಾತೆಲ್ಲ ಬದಿಗಿರಲಿ. ಭಾರತದಲ್ಲಿ ಮಕ್ಕಳಿಗಾಗಿ 1098, ತುರ್ತಿಗೆ 112, ಹೆಂಗಸರಿಗೆ 181. ಹೊರಬಂದವರ ಮನಸ್ಸು ಕುಸಿದರೆ ಟೆಲಿ ಮಾನಸ್ 14416.

ತಾಯಂದಿರಿಗೂ ಒಂದು ಮಾತು. ಇದನ್ನು ಓದುತ್ತಿರುವ ತಾಯಿ ಒಳಗಿನವಳೇ ಆಗಿರಬಹುದು. ಕಣ್ಣ ಮುಂದಿಲ್ಲ, ಮನಸ್ಸಿನಿಂದ ಹೋಗಿಯೂ ಇಲ್ಲ ಎಂಬ ನಷ್ಟವನ್ನು ಪಾಲಿನ್ ಬಾಸ್ ಎಂಬ ವಿದ್ವಾಂಸೆ 1970ರ ದಶಕದಲ್ಲಿ, ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದವರ ಕುಟುಂಬಗಳ ನಡುವೆ ಅಧ್ಯಯನ ಮಾಡಿದರು. ಇಂಥ ನಷ್ಟಕ್ಕೆ ಸೂತಕವಿಲ್ಲ, ತಿಥಿಯಿಲ್ಲ, ಅತ್ತರೆ ಸಂತೈಸುವವರೂ ಇಲ್ಲ. ನಂಬಿಕೆಯನ್ನು ನಾಳೆಯೇ ಬಿಡಬೇಕೆಂದು ಯಾರೂ ಕೇಳುತ್ತಿಲ್ಲ. ಮಗಳ ಸಂಖ್ಯೆಯನ್ನು ಅಳಿಸಬೇಡಿ, ಕಾರ್ಡುಗಳನ್ನು ಸುಡಬೇಡಿ, ತಂಗಿಯರ ಮುಂದೆ ಅವಳ ಹೆಸರೆತ್ತುವುದನ್ನು ನಿಷೇಧಿಸಬೇಡಿ. ಜರ್ಮನಿಯಲ್ಲಿ ಮಕ್ಕಳು ಉಗ್ರ ಗುಂಪು ಸೇರಿದಾಗ ಕುಟುಂಬಗಳಿಗೆ ಸಲಹೆ ಕೊಡುವ ಹಯಾತ್ ಎಂಬ ಸಂಸ್ಥೆ ಇದೆ. ಸಿದ್ಧಾಂತವನ್ನು ಒಪ್ಪದೆಯೂ ಬಾಂಧವ್ಯ ಕಡಿಯಬೇಡಿ ಎಂಬುದು ಅದು ತಂದೆತಾಯಿಗೆ ಹೇಳುವ ಮುಖ್ಯ ಮಾತು. ಇಲ್ಲಿ ಮಕ್ಕಳು ಹೊರಗೆ, ತಾಯಿ ಒಳಗೆ. ದಿಕ್ಕು ತಿರುಗಿದರೂ ಕ್ರಮ ಅದೇ.

ಕೊನೆಯದಾಗಿ, ಯಾರೂ ಮುಂಚಿತವಾಗಿ ಯೋಚಿಸದ ವಿಷಯ: ಕಾಯಿಲೆ ಮತ್ತು ಸಾವು. ಫ್ರೆಡ್ ಫೆಲ್ಪ್ಸ್ 2014ರ ಮಾರ್ಚ್ 19ರಂದು ತೀರಿಕೊಂಡರು. 2013ರಲ್ಲಿ ಅವರನ್ನೇ ಚರ್ಚಿನಿಂದ ಹೊರಹಾಕಲಾಗಿತ್ತೆಂದು ಹೊರಬಂದ ಮಗ, ಮೊಮ್ಮಕ್ಕಳು ಹೇಳಿದ್ದಾರೆ. ಒಳಗಿನ ವಿಷಯ ಮಾತಾಡುವುದಿಲ್ಲ ಎಂಬುದು ಚರ್ಚಿನ ಉತ್ತರವಾಗಿತ್ತು. ಕೊನೆಗಾಲದಲ್ಲಿ ನೋಡಲು ಬಿಡುತ್ತಿಲ್ಲವೆಂದು ನೇಟ್ ಬಹಿರಂಗವಾಗಿ ನೊಂದು ಬರೆದಿದ್ದ. ಅಂತ್ಯಕ್ರಿಯೆಯ ಆರಾಧನೆಯನ್ನೂ ಆ ಚರ್ಚ್ ನಡೆಸುವುದಿಲ್ಲ. ಆದ್ದರಿಂದ ಈಗಲೇ, ಎಲ್ಲರೂ ಗಟ್ಟಿಯಾಗಿರುವಾಗಲೇ, ಒಬ್ಬ ನೆಂಟರನ್ನೋ ಪಕ್ಕದ ಮನೆಯವರನ್ನೋ ಗೊತ್ತುಮಾಡಿ, ಆಸ್ಪತ್ರೆಗೆ ಸೇರಿಸಿದರೆ ಅದೇ ದಿನ ಫೋನ್ ಮಾಡಬೇಕೆಂದು ಕೇಳಿಕೊಳ್ಳಿ. ಆಸ್ಪತ್ರೆಯಲ್ಲಿ ಎಲ್ಲರೂ ಇರುವ ಹೊತ್ತು ಬಿಟ್ಟು, ಕಾಯುವವರು ಊಟಕ್ಕೆ ಹೋಗುವ ಹೊತ್ತು ಹೋಗಿ. ಒಳಗೆ ಬಿಡದಿದ್ದರೆ ಬಾಗಿಲಲ್ಲಿ ಜಗಳ ಬೇಡ. ಎರಡು ಸಾಲಿನ ಚೀಟಿ ಬರೆದು ನರ್ಸ್ ಕೈಗೆ ಕೊಟ್ಟು, ಓದಿ ಹೇಳಿ ಎಂದು ಕೇಳಿ ಬನ್ನಿ.